ಒಂದೇ ಬಟ್ಟಲಿನ ಬಣ್ಣ

ಕಳೆದ ಭಾನುವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಚಿಕ್ಕಲಸಂದ್ರದಲ್ಲಿರುವ ನನ್ನ ತಂಗಿ ಸುಧಾಳ ಮನೆಯಲ್ಲಿ, ದಸರೆಗೆ ಕೂರಿಸಲು ತಂದಿದ್ದ ಗೊಂಬೆಯೊಂದರ ಮುಖ ಬೆಳ್ಳಗಾಗಿರುವುದು ಪತ್ತೆಯಾಯಿತು. ಗೊಂಬೆಯನ್ನು ಬಣ್ಣಕ್ಕೆ ಕೊಟ್ಟವನು ನಾನು. ವಾಪಸು ತಂದವನೂ ನಾನು. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ತಪ್ಪು ಹುಡುಕಿದ ಮನುಷ್ಯನಿಗೆ, ಅಂಗಡಿಯಲ್ಲೇ ಕಾಗದ ಬಿಚ್ಚಿ ಒಮ್ಮೆ ನೋಡಬೇಕೆಂದು ಹೊಳೆಯಲಿಲ್ಲ.

ಯಾರು, ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಮೊದಲ ಪ್ಯಾರಾದಲ್ಲೇ ಬಂದುಬಿಡಬೇಕು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುತ್ತಿದ್ದೆ. ಏಕೆ ಎಂಬುದನ್ನು ಕೊನೆಗಿಡಿ, ಜಾಗ ಸಾಲದಿದ್ದರೆ ಕತ್ತರಿಸಬಹುದು ಎನ್ನುತ್ತಿದ್ದೆ. ಹೋದ ವರ್ಷ ನಿವೃತ್ತನಾದೆ. ಈಗ ಜಾಗ ಬೇಕಾದಷ್ಟಿದೆ.

ಆ ಗೊಂಬೆ ಎಲ್ಲರ ಮನೆಯಲ್ಲಿ ಇರುವಂಥದ್ದಲ್ಲ. ಒಂಬತ್ತು ವರ್ಷದ ಹಿಂದೆ, ಸುಧಾಳ ಮಗಳು ಭೂಮಿಕಾ ಆರು ವರ್ಷದವಳಿದ್ದಾಗ, ಮನೆಮಂದಿಯೆಲ್ಲ ಕೂತು ನೋಡುವ ಅನಿಮೇಷನ್ ಚಿತ್ರವೊಂದು ಬಂದಿತ್ತು. ಎಲ್ಲೋ ದೂರದ ಕಡಲ ದಂಡೆಯ ಕತೆ. ಕನ್ನಡಕ್ಕೆ ಡಬ್ ಮಾಡಿ ಬಿಟ್ಟಿದ್ದರು. ಉಪ್ಪಿನ ಗದ್ದೆಯಲ್ಲಿ ಅಜ್ಜಿಯ ಜೊತೆ ದುಡಿಯುವ ಹುಡುಗಿಯೊಬ್ಬಳು ದಾರಿ ತಪ್ಪಿ ಬಂದ ನೀರುನಾಯಿಯನ್ನು ಅದರ ಹೊಳೆಗೆ ಮುಟ್ಟಿಸಲು ಹೊರಡುತ್ತಾಳೆ. ಕತೆ ಅಷ್ಟೇ. ಹುಡುಗಿ ಕಪ್ಪಗಿದ್ದಳು. ದಿನವಿಡೀ ಬಿಸಿಲಲ್ಲಿ ಉಪ್ಪು ಎಳೆಯುವವಳು ಇನ್ನು ಹೇಗಿರಬೇಕು? ಅಗಲ ಮೂಗು, ಎಷ್ಟು ಎಣ್ಣೆ ಹಚ್ಚಿದರೂ ತಲೆಯ ಮೇಲೆ ಕೂರದ ಗುಂಗುರು ಕೂದಲು. ಇಡೀ ಚಿತ್ರದಲ್ಲಿ ಯಾರೂ ಅವಳ ಬಣ್ಣದ ಬಗ್ಗೆ ಒಂದು ಮಾತಾಡುವುದಿಲ್ಲ. ಹೊಗಳುವುದೂ ಇಲ್ಲ, ಸಮಾಧಾನ ಹೇಳುವುದೂ ಇಲ್ಲ.

ಭೂಮಿಕಾ ಥಿಯೇಟರಿನ ಸೀಟಿನ ಮೇಲೆ ಎದ್ದು ನಿಂತು, "ಅಮ್ಮಾ, ಅದು ನಾನು!" ಎಂದು ಕೂಗಿದ್ದಳು. ಹಿಂದಿನ ಸಾಲಿನವರು ನಕ್ಕಿದ್ದರು. ನಗದೆ ಏನು ಮಾಡಿಯಾರು? ಅದು ನಿಜವಾಗಿತ್ತು.

ಅಲ್ಲಿಯವರೆಗೆ ಅವಳು ಕೇಳಿಸಿಕೊಂಡಿದ್ದ ಮಾತು ಬೇರೆ. "ಮಗು ಲಕ್ಷಣವಾಗಿದೆ ಕಣ್ರೀ, ಬಣ್ಣ ಒಂದು ಸ್ವಲ್ಪ ಕಮ್ಮಿ." ಈ ಬಣ್ಣ ಕಮ್ಮಿ ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸು ಎಂದರೆ, ಸಾರಿಗೆ ಉಪ್ಪು ಕಮ್ಮಿ ಎಂದಷ್ಟೇ ಸಹಜವಾಗಿ ಬರುತ್ತದೆ. ನಿಜವಾಗಿ ನೋಡಿದರೆ ಆ ಮಗುವಿನಲ್ಲಿ ಬಣ್ಣ ಇದ್ದದ್ದೇ ಹೆಚ್ಚು. ಕಮ್ಮಿ ಇದ್ದದ್ದು ನಮ್ಮ ಮೈಯಲ್ಲಿ. ಆದರೆ ಲೆಕ್ಕ ಹಿಡಿಯುವವರು ನಾವೇ ಆದ್ದರಿಂದ ಅವಳದು ಕೊರತೆ ಎಂದಾಯಿತು.

ಆ ವರ್ಷ ಅಂಗಡಿಗಳಲ್ಲಿ ಚಿತ್ರದ ಪ್ಲಾಸ್ಟಿಕ್ ಗೊಂಬೆಗಳು ಬಂದವು. ಜಯನಗರದಲ್ಲಿ ನಾನು ಹೊಕ್ಕ ಅಂಗಡಿಯಲ್ಲೆಲ್ಲ ನೀರುನಾಯಿ ಇತ್ತು, ಹುಡುಗಿ ಇರಲಿಲ್ಲ. "ಅದು ಮೂವ್ ಆಗಲ್ಲ ಸಾರ್, ಯಾರೂ ತಗೊಳಲ್ಲ" ಎಂದ ಒಬ್ಬ. ಕೊನೆಗೆ ತಿಲಕ್ ನಗರದ ಮುನಿರಾಜಣ್ಣನ ಬಳಿ ಹೋದೆ. ಅವರದು ಗಣೇಶನ ಮೂರ್ತಿ ಮಾಡುವ ಕೆಲಸ. ಗಣೇಶನ ಹಬ್ಬ ಮುಗಿದು ದಸರೆ ಬರುವವರೆಗಿನ ದಿನಗಳಲ್ಲಿ, ಜನ ತಂದುಕೊಡುವ ಹಳೆಯ ಮಣ್ಣಿನ ಗೊಂಬೆಗಳಿಗೆ ಬಣ್ಣ ಹಚ್ಚಿಕೊಡುತ್ತಾರೆ. ನಾನು ಕೊಟ್ಟ ಪೋಸ್ಟರ್ ನೋಡಿಕೊಂಡು ಒಂದು ಗೇಣುದ್ದದ ಹುಡುಗಿಯನ್ನು ಮಣ್ಣಲ್ಲಿ ಮಾಡಿದರು. ಕಪ್ಪು ಹುಡುಗಿ. ತಲೆಯ ಮೇಲೆ ಉಪ್ಪಿನ ಬುಟ್ಟಿ.

ಅಂದಿನಿಂದ ಪ್ರತಿ ದಸರೆಯಲ್ಲೂ ಸುಧಾಳ ಮನೆಯಲ್ಲಿ ಮೊದಲು ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲು ಹತ್ತುತ್ತಿದ್ದವು, ಆಮೇಲೆ ಭೂಮಿಕಾ ತನ್ನ ಗೊಂಬೆಯನ್ನು ಕೆಳಗಿನ ಮೆಟ್ಟಿಲ ನಟ್ಟನಡುವೆ ನಿಲ್ಲಿಸುತ್ತಿದ್ದಳು. ಗೊಂಬೆ ನೋಡಲು ಬಂದ ಆಂಟಿಯರು, "ಥೇಟ್ ನಿಮ್ಮ ಭೂಮಿನೇ ಕಣ್ರೀ" ಎನ್ನುತ್ತಿದ್ದರು. ಮಕ್ಕಳಿಗೆ ಕೊಡುವ ಚರ್ಪು ತಿಂಡಿಯ ತಟ್ಟೆ ಹಿಡಿದು ಅವಳು ಅದರ ಪಕ್ಕದಲ್ಲೇ ನಿಲ್ಲುತ್ತಿದ್ದಳು, ಹೋಲಿಸಿ ನೋಡಲು ಅನುಕೂಲವಾಗಲಿ ಎಂಬಂತೆ.

ಅದೇ ಚಿತ್ರವನ್ನು ನಿಜವಾದ ನಟನಟಿಯರನ್ನಿಟ್ಟು ಮತ್ತೆ ತೆಗೆಯುತ್ತಾರೆ ಎಂಬ ಸುದ್ದಿ ಬಂದಾಗ ನಾನಿನ್ನೂ ಡೆಸ್ಕಿನಲ್ಲಿದ್ದೆ. ಆಯ್ಕೆಯಾದ ಹುಡುಗಿ ಬೆಳ್ಳಗಿದ್ದಾಳೆ ಎಂದು ಅಲ್ಲಿಯ ಜನ ಬೇಸರ ಮಾಡಿಕೊಂಡಿದ್ದಾರೆ ಎಂದು ವರದಿಯಲ್ಲಿತ್ತು. ಅದನ್ನು ನಾಲ್ಕು ಸಾಲಿಗೆ ಇಳಿಸಿ ಸಿನಿಮಾ ಪುಟದ ಮೂಲೆಗೆ ಕಳಿಸಿದೆ. ದೂರದವರ ಜಗಳ ಎಂದುಕೊಂಡೆ. ಅದರಲ್ಲಿ ನಮ್ಮ ಚಿಕ್ಕಲಸಂದ್ರವೂ ಸೇರಿದೆ ಎಂದು ನನಗೆ ಅನ್ನಿಸಲಿಲ್ಲ.

ಈ ಬೇಸಿಗೆಯಲ್ಲಿ ಚಿತ್ರ ಬಂತು. ಜೆ.ಪಿ. ನಗರದ ಮಾಲ್‌ನಲ್ಲಿ ಮೂವರೂ ನೋಡಿದೆವು. ಕತೆ ಅದೇ, ಕಡಲು ಅದೇ, ಅಜ್ಜಿಯ ಗುಡಿಸಲೂ ಅದೇ. ಹುಡುಗಿ ಮಾತ್ರ ಬೇರೆ. ಉಪ್ಪಿನ ಗದ್ದೆಯಲ್ಲಿ ಹುಟ್ಟಿಬೆಳೆದರೂ ಬಿಸಿಲು ಅವಳೊಬ್ಬಳನ್ನು ಬಿಟ್ಟು ಬಿದ್ದಿತ್ತು. ಕೂದಲು ನೀಟಾಗಿ ಇಳಿಬಿದ್ದಿತ್ತು. ನೀರುನಾಯಿಯ ಬಣ್ಣ ಮಾತ್ರ ಒಂದು ಚೂರೂ ಬದಲಾಗಿರಲಿಲ್ಲ. ಅದನ್ನು ಬದಲಿಸಿದ್ದರೆ ಮಕ್ಕಳು ಗುರುತು ಹಿಡಿಯುತ್ತಿರಲಿಲ್ಲ ಎಂದು ಚಿತ್ರ ತೆಗೆದವರಿಗೆ ಗೊತ್ತಿತ್ತು.

ಈಗ ಹದಿನೈದು ವರ್ಷದ ಭೂಮಿಕಾ ಇಂಟರ್ವಲ್‌ನಲ್ಲಿ ಕೇಳಿದಳು: "ಮಾಮ, ಇವಳು ಚೆನ್ನಾಗಿದಾಳೆ ಅಲ್ವಾ?"

"ಚೆನ್ನಾಗೇ ಆಕ್ಟ್ ಮಾಡ್ತಾಳೆ" ಎಂದೆ.

"ಆಕ್ಟಿಂಗ್ ಕೇಳ್ಲಿಲ್ಲ ಮಾಮ ನಾನು."

ಉತ್ತರ ತಪ್ಪಿಸಿಕೊಳ್ಳುವ ರಾಜಕಾರಣಿಗಳನ್ನು ಎಷ್ಟೋ ಸಲ ಪತ್ರಿಕೆಯಲ್ಲಿ ಹಿಡಿದುಹಾಕಿದ್ದೇನೆ. ಆವತ್ತು ಪಾಪ್‌ಕಾರ್ನ್ ತರುತ್ತೇನೆಂದು ಎದ್ದುಹೋದೆ.

ಶಾಲೆ ಶುರುವಾದ ಮೇಲೆ ಅವಳು ಥ್ರೋಬಾಲ್ ಬಿಟ್ಟಳು. ಶಾಲೆಯ ತಂಡದ ಕ್ಯಾಪ್ಟನ್ ಆಗಿದ್ದವಳು. ಯಾಕೆ ಎಂದರೆ, "ಬಿಸಿಲು ಮಾಮ" ಎಂದಳು. ತುಂಬುತೋಳಿನ ಜಾಕೆಟ್ ಮೈಮೇಲೆ ಬಂತು. ಬಚ್ಚಲುಮನೆಯ ಗೂಡಿನಲ್ಲಿ ಕ್ರೀಮಿನ ಟ್ಯೂಬುಗಳು ಸಾಲಾಗಿ ನಿಂತವು. "ಈ ವಯಸ್ಸಲ್ಲಿ ಎಲ್ಲರೂ ಹಿಂಗೇ ಅಣ್ಣ, ನೀನು ತಲೆ ಕೆಡಿಸ್ಕೋಬೇಡ" ಎಂದಳು ಸುಧಾ. ಅವಳ ಮಾತಿನಲ್ಲಿ ಧೈರ್ಯ ಇರಲಿಲ್ಲ. ಒಂದು ಸಂಜೆ ಅವಳೇ ಆ ಟ್ಯೂಬುಗಳನ್ನು ಒಂದೊಂದಾಗಿ ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದುದನ್ನು ನಾನೇ ನೋಡಿದ್ದೆ.

ದಸರೆ ಹತ್ತಿರ ಬಂದಾಗ ಗೊಂಬೆಯ ಮೂಗಿನ ತುದಿ ಚಕ್ಕೆ ಎದ್ದಿರುವುದು ಕಂಡಿತು. ಅದನ್ನೂ ಇನ್ನೂ ಆರು ಹಳೆಯ ಗೊಂಬೆಗಳನ್ನೂ ಚೀಲದಲ್ಲಿಟ್ಟುಕೊಂಡು ಮುನಿರಾಜಣ್ಣನ ಅಂಗಡಿಗೆ ಕೊಟ್ಟುಬಂದೆ. ಹೇಗೆ ಮಾಡಬೇಕೆಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಮಾಡಿದವರೇ ಅವರು, ಮತ್ತೇನು ಹೇಳುವುದು ಎಂದು ನನ್ನ ಲೆಕ್ಕ. ವರ್ಷಕ್ಕೆ ನೂರಾರು ಗೊಂಬೆ ನೋಡುವವರಿಗೆ ಒಂಬತ್ತು ವರ್ಷದ ಹಿಂದಿನದೊಂದು ನೆನಪಿರಲಿಲ್ಲ.

ಅವರ ಕೆಲಸದ ಕ್ರಮ ನನಗೆ ಗೊತ್ತಿರಬೇಕಿತ್ತು. ಬೆಳಗ್ಗೆ ಒಂದು ಬಟ್ಟಲಿನಲ್ಲಿ ಮುಖದ ಬಣ್ಣ ಕಲೆಸುತ್ತಾರೆ. ಗುಲಾಬಿಗೆ ತುಸು ಹಳದಿ ಬೆರೆತ ಬಣ್ಣ. ಸಾಲಾಗಿ ನಿಂತ ಶೆಟ್ಟಿ, ಶೆಟ್ಟಮ್ಮ, ಹಾಲು ಮಾರುವವಳು, ಸಿಪಾಯಿ, ಮದುವೆಯ ದಿಬ್ಬಣ ಎಲ್ಲಕ್ಕೂ ಅದೇ. ನೀಲಿಯ ಬಟ್ಟಲು ದೇವರಿಗೆ. ಕಪ್ಪು ರಾಕ್ಷಸರಿಗೆ ಮತ್ತು ಮೀಸೆಗೆ. ಹೆಸರಿನಲ್ಲೇ ಕಪ್ಪು ಇಟ್ಟುಕೊಂಡ ಕೃಷ್ಣನನ್ನು ನಾವು ನೀಲಿ ಮಾಡಿದ್ದೇವೆ. ಅದೇ ಹೆಸರಿನ ದ್ರೌಪದಿಯನ್ನಂತೂ ಕ್ಯಾಲೆಂಡರುಗಳಲ್ಲಿ ಪೂರ್ತಿ ಬೆಳ್ಳಗೆ ಮಾಡಿ ಮುಗಿಸಿದ್ದೇವೆ. ಹಾಗಿರುವಾಗ ಬುಟ್ಟಿ ಹೊತ್ತ ಒಂದು ಮಣ್ಣಿನ ಹುಡುಗಿ ಯಾವ ಲೆಕ್ಕ? ಅವಳು ದೇವರಲ್ಲ, ರಾಕ್ಷಸಿಯಲ್ಲ. ಮನುಷ್ಯರ ಬಟ್ಟಲಿನಿಂದಲೇ ಅವಳಿಗೂ ಬಣ್ಣ ಬಿತ್ತು.

ಭಾನುವಾರ ಕಾಗದ ಬಿಚ್ಚಿದವಳು ಭೂಮಿಕಾ. ಹಿಂದಿನಿಂದ ಬಗ್ಗಿ ನೋಡಿದ ಸುಧಾ, "ಚೆನ್ನಾಗೇ ಮಾಡಿದಾರಲ್ಲಣ್ಣ, ಈಗ ಲಕ್ಷಣವಾಗಿ..." ಎಂದು ಹೇಳಹೊರಟು ಮಗಳ ಮುಖ ನೋಡಿ ನಿಲ್ಲಿಸಿದಳು.

ಭೂಮಿಕಾ ಗೊಂಬೆಯನ್ನು ಟೇಬಲ್ಲಿನ ಮೇಲಿಟ್ಟು, "ಓ. ಇವಳೂ ಆಯ್ತಾ" ಎಂದಳು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲನ್ನು ಜೋರಾಗಿ ಬಡಿದಿದ್ದರೆ ಸಮಾಧಾನವಾಗುತ್ತಿತ್ತು. ಮೆತ್ತಗೆ ಹಾಕಿದಳು.

ಮಂಗಳವಾರ ಗೊಂಬೆ ಎತ್ತಿಕೊಂಡು ಮತ್ತೆ ತಿಲಕ್ ನಗರಕ್ಕೆ ಹೋದೆ. ಸುಧಾ ಹಳೆಯ ಪತ್ರಿಕೆಯ ತುಣುಕೊಂದನ್ನು ಕೊಟ್ಟಿದ್ದಳು. ಗೊಂಬೆ ಮಾಡಿಸಿದ ವರ್ಷ ನಮ್ಮ ಪತ್ರಿಕೆಯಲ್ಲಿ ಓದುಗರ ಮನೆಯ ಗೊಂಬೆಗಳಿಗೆಂದು ಒಂದು ಪುಟ ಬಂದಿತ್ತು. ಅದರಲ್ಲಿ ಗೊಂಬೆ ಹಿಡಿದ ಭೂಮಿಕಾಳ ಬಣ್ಣದ ಫೋಟೊ. ಸುಧಾ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದಳು.

ಮುನಿರಾಜಣ್ಣ ನನ್ನ ದೂರು ಪೂರ್ತಿ ಕೇಳಿ, "ತಪ್ಪಾಯ್ತು ಸಾರ್, ಲೈನಲ್ಲಿ ಹೊಡ್ಕೊಂಡು ಹೋಗ್ಬಿಟ್ಟಿದೀನಿ. ಹಳೇ ಬಣ್ಣ ಹೆಂಗಿತ್ತು, ಒಂದು ಫೋಟೊ ತೋರ್ಸಿ" ಎಂದರು. ತುಣುಕು ಕೊಟ್ಟೆ. ಅದನ್ನು ಒಮ್ಮೆ ನೋಡಿದರು, ಗೊಂಬೆಯನ್ನು ಒಮ್ಮೆ ನೋಡಿದರು. ಎರಡನ್ನೂ ಒಟ್ಟಿಗೆ ನನ್ನ ಮುಂದೆ ಹಿಡಿದರು.

"ಸಾರ್, ನಾನು ಮಾಡಿರೋದೂ ಇದೇ ಕಲರ್ ಅಲ್ವಾ?"

ಫೋಟೊದಲ್ಲಿ ಗೊಂಬೆ ಬೆಳ್ಳಗಿತ್ತು. ಅದನ್ನು ಹಿಡಿದ ಮಗುವೂ ಬೆಳ್ಳಗಿತ್ತು.

ವಿವರಣೆ ಇದೆ. ಪತ್ರಿಕೆಯ ಕಾಗದ ಒರಟು. ಶಾಯಿ ಹೀರಿ ಹರಡುತ್ತದೆ. ಕಪ್ಪು ಮುಖ ಅಚ್ಚಿನಲ್ಲಿ ಇನ್ನೂ ಕಪ್ಪಾಗಿ, ಕಣ್ಣು ಮೂಗು ಕಾಣದ ಮಸಿಯ ಗುಡ್ಡೆಯಾಗುತ್ತದೆ. ಆದ್ದರಿಂದ ಪುಟ ಕಟ್ಟುವವರಿಗೆ ದಿನಾ ಹೇಳುವ ಮಾತೊಂದಿತ್ತು: "ಮುಖ ಸ್ವಲ್ಪ ಬ್ರೈಟ್ ಮಾಡಪ್ಪ." ಬೆಳಕನ್ನು ತುಸು ಎತ್ತಿದರೆ ಸಾಕಿತ್ತು. ಆದರೆ ಎಷ್ಟು ಎತ್ತಬೇಕೆಂದು ಪ್ರತಿ ಮುಖಕ್ಕೂ ನಿಂತು ನೋಡಲು ಡೆಡ್‌ಲೈನ್ ಬಿಡುತ್ತಿರಲಿಲ್ಲ, ನನಗೂ ಬೇಕಿರಲಿಲ್ಲ. ಎಲ್ಲ ಮುಖಕ್ಕೂ ಒಂದೇ ಮಾತು. ನನ್ನದೂ ಒಂದೇ ಬಟ್ಟಲು. ಆ ಫೋಟೊ ಪುಟಕ್ಕೆ ಹೋಗುವಾಗ, ಮನೆಯ ಮಗು ಎಂಬ ಪ್ರೀತಿಗೆ, ಇನ್ನೊಂದು ಸ್ವಲ್ಪ ಜಾಸ್ತಿ ಮಾಡು ಎಂದಿದ್ದೂ ನೆನಪಾಯಿತು.

ನಮ್ಮ ಪತ್ರಿಕೆಯಲ್ಲಿ ಜನರ ಬಣ್ಣವನ್ನು ಇದ್ದಂತೆ ಬರೆಯುವ ಒಂದೇ ಒಂದು ಜಾಗವಿತ್ತು, ಕಾಣೆಯಾದವರ ಪ್ರಕಟಣೆ. ದುಂಡು ಮುಖ, ಎಣ್ಣೆಗೆಂಪು ಬಣ್ಣ, ಕಪ್ಪು ಬಣ್ಣ, ಸಾಧಾರಣ ಮೈಕಟ್ಟು. ಅದರಲ್ಲಿ ನಾವು ಒಂದಕ್ಷರವನ್ನೂ ತಿದ್ದುತ್ತಿರಲಿಲ್ಲ. ತಿದ್ದಿದರೆ ಮನುಷ್ಯ ಸಿಗುವುದಿಲ್ಲ.

ಅಂಗಡಿಯಲ್ಲೇ ಕೂತು ಫೋನ್ ತೆಗೆದು ಬೇರೆ ಫೋಟೊ ಹುಡುಕಿದೆ. ಗೊಂಬೆಯದು ನಾಲ್ಕೈದು ಇದ್ದವು, ಎಲ್ಲ ಸಂಜೆ ಹೊತ್ತಿಸಿದ ಬಣ್ಣದ ಸೀರಿಯಲ್ ಸೆಟ್ಟಿನ ದೀಪಗಳ ಬೆಳಕಿನಲ್ಲಿ ಮಿಂದವು. ಭೂಮಿಕಾಳದು ಬೇಕಾದಷ್ಟಿದ್ದವು. ಫೋನು ತಾನಾಗಿಯೇ ಎಲ್ಲರ ಮುಖ ತೊಳೆದು ಇಟ್ಟುಕೊಂಡಿತ್ತು. ನಮ್ಮ ಡೆಸ್ಕಿನ ಕೆಲಸವನ್ನು ಈಗ ಅದೇ ವಹಿಸಿಕೊಂಡಿದೆ.

"ಫೋಟೊ ಆಗಲ್ಲ ಬಿಡಿ ಸಾರ್" ಎಂದರು ಮುನಿರಾಜಣ್ಣ. "ಗೊಂಬೆ ಆ ಹುಡುಗಿ ಥರಾನೇ ಇತ್ತು ಅಂತೀರಲ್ಲ, ಹುಡುಗೀನೇ ಕರ್ಕೊಂಡ್ಬನ್ನಿ. ನೋಡ್ಕೊಂಡು ಕಲೆಸ್ತೀನಿ."

ಇದನ್ನು ಭೂಮಿಕಾಳಿಗೆ ಹೇಗೆ ಹೇಳುವುದು? ಬಾರಮ್ಮ, ನಿನ್ನ ಕಪ್ಪು ಎಷ್ಟು ಎಂದು ಅಳೆಯಬೇಕಂತೆ ಎನ್ನುವುದೆ? ಮರುದಿನ ಸಂಜೆಯವರೆಗೂ ಮನಸ್ಸಿನಲ್ಲೇ ವಾಕ್ಯ ತಿದ್ದಿದೆ. ಕೊನೆಗೆ ತುಣುಕನ್ನು ಅವಳ ಮುಂದಿಟ್ಟು, ಇದನ್ನು ಬೆಳ್ಳಗೆ ಮಾಡಿದವನು ನಾನು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ತುಣುಕನ್ನು ಕೈಗೆತ್ತಿಕೊಂಡಳು.

"ಇದನ್ನ ನೋಡಿ, ಚಿಕ್ಕೋಳಿದ್ದಾಗ ಬೆಳ್ಳಗಿದ್ದೆ, ಆಮೇಲೆ ಆಟ ಆಡಿ ಆಡಿ ಕಪ್ಪಗಾದೆ ಅಂದ್ಕೊಂಡಿದ್ದೆ ಮಾಮ" ಎಂದಳು.

ಈ ಸಲ ನಾನು ಎದ್ದುಹೋಗಲಿಲ್ಲ, ಅಷ್ಟೇ.

ನಿನ್ನೆ, ಗುರುವಾರ, ಶಾಲೆ ಬಿಟ್ಟ ಮೇಲೆ ಅವಳು ನನ್ನ ಸ್ಕೂಟರಿನಲ್ಲಿ ತಿಲಕ್ ನಗರಕ್ಕೆ ಬಂದಳು. ಮೈಮೇಲೆ ಜಾಕೆಟ್ ಇತ್ತು. ಮುನಿರಾಜಣ್ಣ ಅವಳನ್ನು ನೋಡಿ, ಬಟ್ಟಲು ಕುಂಚ ಹಿಡಿದು ಫುಟ್‌ಪಾತಿಗೆ ಇಳಿದರು.

"ಟ್ಯೂಬ್‌ಲೈಟಲ್ಲಿ ಬಣ್ಣ ಸುಳ್ಳು ಹೇಳುತ್ತಮ್ಮ. ಈಚೆ ಬಿಸಿಲಿಗೆ ಬಾ. ತೋಳು ಮೇಲೆತ್ತು."

ಅವಳು ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಈಚೆ ಬಂದು ಜಾಕೆಟ್ಟಿನ ತೋಳನ್ನು ಮೊಣಕೈವರೆಗೆ ಮಡಚಿದಳು. ಮುನಿರಾಜಣ್ಣ ರಟ್ಟಿನ ಮೇಲೆ ಒಂದು ಪಟ್ಟೆ ಎಳೆದು ಅವಳ ಕೈಪಕ್ಕ ಹಿಡಿದರು.

"ಸಾಕಾ?"

"ಇಲ್ಲ ಅಂಕಲ್."

ಇನ್ನೊಂದು ಎಳೆದರು. ತಲೆಯಾಡಿಸಿದಳು. ಮೂರನೆಯದಕ್ಕೆ, "ಇಷ್ಟು ಸಾಕು ಬಿಡಮ್ಮ, ಚೆನ್ನಾಗ್ ಕಾಣುತ್ತೆ" ಎಂದರು.

"ಚೆನ್ನಾಗಿರೋದು ಬೇಡ ಅಂಕಲ್, ಸರಿಯಾಗಿರ್ಬೇಕು. ಇನ್ನೂ ಸ್ವಲ್ಪ ಕಪ್ಪು."

ಐದನೆಯ ಪಟ್ಟೆಗೆ ಅವಳು ಹ್ಞೂಂ ಎಂದಳು. ಮುನಿರಾಜಣ್ಣ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಅವಳ ಹೆಸರು ಬರೆದಿಟ್ಟರು. ಹಳೆಯ ಬಣ್ಣ ಕೆರೆದು ಎರಡು ಕೈ ಹಚ್ಚಬೇಕು. ಗೊಂಬೆ ಶನಿವಾರ ಸಂಜೆ ಸಿಗುತ್ತದೆ ಎಂದಿದ್ದಾರೆ.