ಚಾಚಾ ಬೇಡವೆಂದ ಟೈರು

ಹೊಸ ರಬ್ಬರಿನ ವಾಸನೆಯೊಂದಿಗೆ ಸೋಪುನೀರಿನ ವಾಸನೆ ಬೆರೆತರೆ ನಾನು ಈಗಲೂ ಮುಂದೆ ಹೋಗಲಾರೆ. ಹೋದ ವಾರ ಸಾಂಗ್ಲಿಯಲ್ಲಿ ಟೈರಿನಂಗಡಿಯೊಂದರ ಮುಂದೆ ಹೋಗುತ್ತಿದ್ದೆ. ಒಳಗೆ ಯಾರೋ ರಿಮ್ಮಿನ ಅಂಚಿಗೆ ಸೋಪುನೀರು ಸವರಿ ಟೈರು ಕೂರಿಸುತ್ತಿದ್ದರು. ಅಲ್ಲೇ ನಿಂತುಬಿಟ್ಟೆ... ಮಹಾರಾಷ್ಟ್ರದ ಗಡಿಯೂರು ಜತ್ತದ ಚಾಚಾ ನೆನಪಾದರು.

ವಿಜಯಪುರ ರಸ್ತೆಗೆ ಅವರ ಟೈರಿನಂಗಡಿ. ಟ್ರ್ಯಾಕ್ಟರ್ ಬರಲಿ, ಟೆಂಪೋ ಬರಲಿ, ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಆಮೇಲೆ ಮಾತಾಡುತ್ತಿದ್ದರು. ನಾನು ಅಲ್ಲೇ ಹತ್ತಿರದ ಬಿಳೂರಿನವ, ಡ್ರಿಪ್ ಪೈಪಿನ ವ್ಯಾಪಾರ. ಮೂವತ್ತು ದಾಟಿದ ಮೇಲೆ ಪುಣೆಯಿಂದ, ಬೇರೆಯವರು ಓಡಿಸಿ ಬಿಟ್ಟ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದೆ. ಊರವರು ನಕ್ಕರು. ಚಾಚಾ ನಗಲಿಲ್ಲ. ನೆಲಕ್ಕೆ ಕೂತು, ಅದರ ಅಡಿಗೆ ಇಣುಕಿ, "ಭಾಳ ಚಲೋ ಗಾಡಿ ತಂದಿ ತಮ್ಮಾ" ಅಂದರು. ಅಪ್ಪನ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು ಅದು...

ಆರು ತಿಂಗಳಿಗೆ ಅದರ ಚಕ್ರಗಳು ನನಗೆ ಸಣ್ಣವೆನಿಸತೊಡಗಿದವು. ಹದಿನೇಳು ಇಂಚಿನವನ್ನು ತೆಗೆದು ಹತ್ತೊಂಬತ್ತು ಇಂಚಿನವು, ಅಗಲ ಟೈರಿನವು ಬೇಕೆಂದೆ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಚಾಚಾ ಫೋಟೋ ನೋಡಲಿಲ್ಲ. ಜ್ಯಾಕ್ ಹಾಕಿ ಗಾಡಿ ಎತ್ತಿ, ಚಕ್ರ ಬಿಚ್ಚಿ, ಒಳಗಿನ ಜಾಗವನ್ನು ಟೇಪಿನಿಂದ ಅಳೆದರು. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದರು. ಮತ್ತೆ ಚಕ್ರ ಹಾಕಿ ಕೆಳಗಿಳಿಸಿ, ನನ್ನನ್ನು ಒಳಗೆ ಕೂರಿಸಿ, ಹಿಂಭಾಗವನ್ನು ಎರಡೂ ಕೈಯಿಂದ ಅದುಮಿದರು.

"ಬರೂದಿಲ್ಲ ತಮ್ಮಾ."

"ಬ್ಯಾರೆ ಕಡೆ ಕುಂದರಿಸಿ ಕೊಡ್ತಾರಂತರಿ ಚಾಚಾ."

"ನಿಂತ ಗಾಡಿಗೆ ಯಾವ ಟೈರಾದ್ರೂ ಕುಂದರ್ತೈತಿ. ಒಳಗ ಇಬ್ಬರು ಕುಂತು ತಗ್ಗಿಗೆ ಇಳಿದ್ರ, ಮಡ್‌ಗಾರ್ಡಿನ ತಗಡು ಟೈರ್ ಕೊಯ್ತೈತಿ. ರಿಮ್ ದೊಡ್ಡದಾದಷ್ಟು ರಬ್ಬರ್ ತೆಳ್ಳಗಾಗ್ತೈತಿ, ನಮ್ಮ ರಸ್ತೆ ಅದು ತಡಕೊಳ್ಳೂದಿಲ್ಲ. ಹದಿನೆಂಟರದು ಹಾಕ್ಕೊ, ಅಗಲ ಕಡಿಮಿ ಮಾಡು. ನಾನೇ ತರಸ್ತೀನಿ."

ಸಿಟ್ಟಿನಿಂದ ಗಾಡಿ ತಿರುಗಿಸಿಕೊಂಡು ಬಂದೆ. ಮರುವಾರ ಬೇರೆ ಊರಿಗೆ ಹೋಗಿ ನನಗೆ ಬೇಕಾದುದನ್ನೇ ಹಾಕಿಸಿದೆ. ಒಬ್ಬನೇ ಓಡಿಸುವಾಗ ಒಂದೆರಡು ಸಲ ಹಿಂದಿನಿಂದ ಕರ್ ಎಂದು ಸದ್ದು ಬಂತು. ಹಾಡಿನ ಸದ್ದು ಹೆಚ್ಚು ಮಾಡಿದೆ, ಅಷ್ಟೇ. ಚಾಚಾನ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟೆ.

ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಬೇರೆ ದಾರಿಯಿಲ್ಲದೆ ಹಾಯಬೇಕಾಯಿತು. ಅಂಗಡಿ ಮುಂದೆ ಜನ ಸೇರಿದ್ದರು. ಚಾಚಾ ಟೈರುಗಳ ರಾಶಿಗೆ ಒರಗಿ ಕೂತಿದ್ದರು, ಅಂಗಿಯೆಲ್ಲ ಬೆವರು, ಕೈ ಎದೆಯ ಮೇಲೆ. ಪಕ್ಕದ ದವಾಖಾನೆಯ ಡಾಕ್ಟರು ಗುಳಿಗೆ ಕೊಟ್ಟು, "ಲಗೂನ ವಿಜಯಪುರಕ್ಕ ಒಯ್ರಿ" ಎನ್ನುತ್ತಿದ್ದರು. ಆಂಬುಲೆನ್ಸ್ ದೂರವಿತ್ತು.

"ಬರ್ರಿ ಚಾಚಾ, ನಂದು ಓಡ್ತೈತಿ" ಅಂದೆ.

ನಾಲ್ಕು ಜನ ಹಿಡಿದು ತರುವಾಗ ಅವರು ಹಿಂದಿನ ಚಕ್ರದ ಕಡೆ ನೋಡಿದರು. ಅವರು ನೋಡಿದ್ದನ್ನು ನಾನೂ ನೋಡಿದೆ. ಆದರೂ ಹತ್ತಿ ಕೂತರು.

ಅರ್ಧ ದಾರಿ ಸರಿಯಾಗಿಯೇ ಸಾಗಿತು. ಆಮೇಲೆ ಒಂದು ತಗ್ಗು. ವೇಗ ಇಳಿಸದೆ ಹಾರಿಸಿದೆ. ಹಿಂದೆ ತಗಡು ಉಜ್ಜಿದ ಸದ್ದು, ಕೂಡಲೇ ಟೈರು ಸಿಡಿದ ಸದ್ದು. ಗಾಡಿ ಅಡ್ಡಡ್ಡ ಎಳೆಯತೊಡಗಿತು.

"ಬ್ರೇಕ್ ಒತ್ತಬ್ಯಾಡ... ಸ್ಟೇರಿಂಗ್ ಗಟ್ಟಿ ಹಿಡಿ... ತಾನೇ ನಿಲ್ತೈತಿ."

ಎದೆ ಹಿಡಿದುಕೊಂಡೇ ಹೇಳಿದರು. ನಾನು ಇವತ್ತು ಬದುಕಿರುವುದು ಆ ಮೂರು ಮಾತಿನಿಂದ.

ಆ ಗಾಡಿಯಲ್ಲಿ ಸ್ಟೆಪ್ನಿ ಇರಲಿಲ್ಲ. ಅವರನ್ನು ಜಾಲಿ ಗಿಡದ ನೆರಳಲ್ಲಿ ಮಲಗಿಸಿ, ಬಂದ ಬಂದ ಗಾಡಿಗೆ ಕೈ ಮಾಡುತ್ತ ರಸ್ತೆಗೂ ಅವರ ಹತ್ತಿರಕ್ಕೂ ಓಡಾಡಿದೆ. ಅಳುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. "ಅಳಬ್ಯಾಡೋ, ಯಾರರ ನಿಲ್ಲಸ್ತಾರ" ಅಂದರು. ಅರ್ಧ ತಾಸಿನ ಮೇಲೆ ಒಂದು ಪಿಕಪ್ ನಿಂತಿತು. ಅಷ್ಟರಲ್ಲಿ ಅವರು ಮಾತಾಡುವುದನ್ನು ಬಿಟ್ಟಿದ್ದರು... ವಿಜಯಪುರದ ದವಾಖಾನೆಯ ಬಾಗಿಲಲ್ಲಿ ಡಾಕ್ಟರು ನಾಡಿ ನೋಡಿ ತಲೆ ಅಲ್ಲಾಡಿಸಿದರು. ಅರ್ಧ ತಾಸು ಮೊದಲು ಬಂದಿದ್ದರೆ, ಎಂದು ಕೇಳಿದೆ. ಡಾಕ್ಟರು ನನ್ನ ಹೆಗಲು ಮುಟ್ಟಿ ಒಳಗೆ ಹೋದರು.

ಗಾಡಿ ಮಾರಿದೆ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಪ್ರತಿ ರಂಜಾನ್ ಹಬ್ಬಕ್ಕೆ ಚಾಚಾನ ಮನೆಗೆ ಹೋಗುತ್ತೇನೆ, ಚಾಚಿ ಹಾಲು-ಶಾವಿಗೆಯ ಸುರಕುಂಬಾ ಕೊಡುತ್ತಾರೆ. ಇಷ್ಟು ವರ್ಷ ಏನೂ ಕೇಳದ ಚಾಚಿ ಈ ಸಲ ಕೇಳಿದರು.

"ಅವತ್ತ ದಾರ್ಯಾಗ ಗಾಡಿ ಯಾಕ ನಿಂತಿತ್ತು ತಮ್ಮಾ?"

"ಪಂಕ್ಚರ್ ಆಗಿತ್ತರಿ ಚಾಚಿ."

"ಆರಾಮ ಇದ್ದಿದ್ರ ಅವರೇ ಹಾಕಿ ಕೊಡ್ತಿದ್ರು" ಅಂದರು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸುರಿದರು.

ಕುಡಿದೆ. ನಿಜ ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ... ಚಾಚಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.