ಖಾರ ತಿನ್ನದವಳ ಮೆಣಸಿನಕಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಕಟ್ಟಡದ ತಾರಸಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ, ಇಬ್ಬನಿಗೆ ತೊಯ್ದ ತೆಳುಬಟ್ಟೆಯನ್ನು ಮೆಲ್ಲಗೆ ಸುತ್ತುತ್ತಿದ್ದಾರೆ. ಅಡಿಯಲ್ಲಿ ಹರವಿದ ಕೆಂಪು ಮೆಣಸಿನಕಾಯಿಯ ಮೇಲೆ ಒಂದು ಹನಿಯೂ ಬೀಳಬಾರದು. ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ: "ಬೀಜ ಇನ್ನೂ ಮಾತಾಡ್ತಿಲ್ಲ. ಇದಕ್ಕೆ ಬಿಸಿಲು ಸಾಲಿಲ್ಲ."

ಈ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಕೆಲಸ. ಬೀದಿಯವರಿಗೆ ಅವರು 'ಘಾಟಕ್ಕ'. ಕಾಯಿ ಮಗುಚಿದ ದಿನ ಮೆಟ್ಟಿಲುದ್ದಕ್ಕೂ ಜನ ಸೀನುವುದರಿಂದ ಅಂಟಿದ ಹೆಸರು. ಬಣ್ಣದ ಹಳೆಯ ಡಬ್ಬಗಳಲ್ಲಿ ಗಿಡ ಬೆಳೆಸಿ, ಒಣಗಿಸಿ, ಬಾಟಲಿಗೆ ತುಂಬಿ ಮನೆಮನೆಗೆ ಹಂಚುತ್ತಾರೆ. ತಾವು ಮಾತ್ರ ತಿನ್ನುವುದಿಲ್ಲ.

"ನನಗೆ ಖಾರ ಆಗಲ್ಲ. ತಿಂತಿದ್ದವಳು ನನ್ನ ತಂಗಿ. ನನ್ನ ಅಡುಗೆ ಬಾಯಿಗಿಟ್ಟು, ಅಕ್ಕಾ, ಯಾರಿಗೆ ಹುಷಾರಿಲ್ಲ ಅಂತ ಕೇಳೋಳು."

ಅಕ್ಕತಂಗಿ ಇಬ್ಬರೇ, ತಾರಸಿಗಂಟಿದ ಒಂದೇ ಕೋಣೆಯಲ್ಲಿ ಬದುಕು ಸವೆಸಿದವರು. ತಂಗಿ ಬಟ್ಟೆ ಹೊಲಿಯುತ್ತಿದ್ದರು; ಗಿಡಗಳೂ ಅವರವೇ. ಹೃದಯ ಕೈಕೊಟ್ಟು ಅವರು ತೀರಿಕೊಂಡ ಮೇಲೆ ಅಕ್ಕನ ಪಾಲಿಗೆ ಉಳಿದದ್ದು ಹೊಲಿಗೆ ಯಂತ್ರ, ಒಂದು ಚಾಪೆ ಮತ್ತು ಈ ಮೆಣಸಿನ ತಳಿ. "ಚಾಪೆ ಸುತ್ತಿಟ್ಟೆ. ಗಿಡಾನ ಹಾಗೆ ಸುತ್ತಿಡೋಕಾಗುತ್ತಾ? ಬೆಳಗಾದ್ರೆ ನೀರು ಕೇಳುತ್ತೆ."

ಕಳೆದ ವರ್ಷ ಅದೂ ಕೈತಪ್ಪಿತು. ಜ್ವರ ಏರಿ ಘಾಟಕ್ಕ ಆಸ್ಪತ್ರೆ ಸೇರಿದಾಗ ಅಕಾಲದ ಮಳೆ ಹಿಡಿಯಿತು. ಮರಳಿ ಬಂದು ನೋಡಿದರೆ ಒಣಹಾಕಿದ್ದೆಲ್ಲ ಬೂಷ್ಟು. ಡಬ್ಬಗಳಲ್ಲಿ ನೀರು ನಿಂತು ಗಿಡಗಳ ಬೇರು ಕೊಳೆತಿತ್ತು. ಹಿಂದೆ ಹಂಚಿದ ಮನೆಗಳಲ್ಲೆಲ್ಲ ವಿಚಾರಿಸಿದರು. ಯಾರೂ ಉಳಿಸಿರಲಿಲ್ಲ. ಬಿತ್ತಲು ಒಂದು ಬೀಜವೂ ಇರಲಿಲ್ಲ.

"ಅಳಲಿಲ್ಲ. ಅಳೋಕೂ ಕೇಳಿಸ್ಕೊಳ್ಳೋರು ಬೇಕಲ್ಲ."

ಆಮೇಲೊಂದು ಸಂಜೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವರು ಕೆಳಮನೆಯ ನಿವೃತ್ತ ಡ್ರೈವರ್. ಘಾಟಿನ ವಿಷಯಕ್ಕೆ ಹಿಂದೆ ತಂಗಿಯ ಜೊತೆ ಜೋರು ಜಗಳವಾಡಿದ್ದವರು. ಅವರ ಕೈಯಲ್ಲಿ ಒಣಮೆಣಸಿನಕಾಯಿ ತುಂಬಿದ ಒಂದು ಬಾಟಲಿ. ಜಗಳದ ಮರುದಿನ ತಂಗಿ ಕೊಟ್ಟಿದ್ದಂತೆ. ಮುಚ್ಚಳ ತೆರೆದೇ ಇರಲಿಲ್ಲ.

"ಇಷ್ಟು ವರ್ಷ ಯಾಕೆ ತಿನ್ನಲಿಲ್ಲ?" ಎಂದು ಘಾಟಕ್ಕ ಕೇಳಿದರು.

"ತಿಂದ್ರೆ ಮುಗಿದುಹೋಗುತ್ತಲ್ಲ," ಎಂದು ಬಾಟಲಿ ಕೊಟ್ಟು ಡ್ರೈವರ್ ಇಳಿದುಹೋದರು.

ಹಳೆಯ ಬೀಜ, ಹೆಚ್ಚಿನವು ಮಣ್ಣಿಗೇ ಹೋದವು. ಮೂರೇ ಮೊಳೆತವು. ಇವತ್ತು ಹರವಿರುವುದು ಆ ಮೂರು ಗಿಡಗಳ ಕಾಯಿ. "ಒಂದೇ ಕೋಣೇಲಿ ಮಲಗ್ತಿದ್ವಿ, ಬಾಟಲಿ ಕೊಟ್ಟಿದ್ದು ನನಗೂ ಹೇಳಿರಲಿಲ್ಲ ನೋಡಿ. ಕಳ್ಳಿ," ಎಂದು ನಗುತ್ತಾರೆ. ನಗು ಬೇಗ ಇಳಿಯುತ್ತದೆ. ಡ್ರೈವರ್ ಮತ್ತೆ ಮೇಲೆ ಬಂದಿಲ್ಲ. ಅವರ ಮಂಡಿಗೆ ಮೆಟ್ಟಿಲು ಆಗದು. ಮೊದಲ ಕೊಯ್ಲಿನ ಕಾಯಿಯನ್ನು ಘಾಟಕ್ಕ ಅವರ ಬಾಗಿಲಲ್ಲಿಟ್ಟು, ಬೆಲ್ ಒತ್ತದೆ ಬಂದಿದ್ದಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೈ ಕೆಲಸ ಮಾಡುತ್ತಲೇ ಇರುತ್ತದೆ.

"ಕಾಯಿ ತಗೊಂಡು ಹೋಗೋರು ಬೇಕಾದಷ್ಟು ಜನ ಇದ್ದಾರೆ. ಯಾರಾದ್ರೂ ಒಂದಿನ ಬಂದು ಇಲ್ಲಿ ಕೂತು ತೊಟ್ಟು ಮುರಿದ್ರೆ ಸಾಕು. ಮಾತಾಡದಿದ್ರೂ ನಡೆಯುತ್ತೆ."

ಪೆನ್ನು ಜೇಬಿಗಿಟ್ಟು ಎದುರು ಕೂರುತ್ತೇನೆ. ಅವರು ಒಣಗಿದ ಕಾಯಿಯ ಒಂದು ರಾಶಿಯನ್ನು ನನ್ನತ್ತ ಸರಿಸುತ್ತಾರೆ.

"ಕೈ ಕಣ್ಣಿಗೆ ಮುಟ್ಟಿಸ್ಕೋಬೇಡಿ. ಆಮೇಲೆ ನನ್ನನ್ನ ಬೈಕೊಂಡು ಬರೀತೀರ."