ಹೆಂಗಸರ ಕೋಣೆಗೆ ನಾನು ಹಾಕಿಸಿದ ಬೋರ್ಡು

ಹಳ್ಳ ಉಕ್ಕಿ ಊರಿನೊಳಗೆ ನೀರು ನುಗ್ಗಿದ ವರ್ಷ, ಆ ಊರಿನ ಮಂದಿಯನ್ನು ಕಮಲಾಪುರದ ಒಂದು ಶಾಲೆಯಲ್ಲಿ ಇಟ್ಟಿದ್ದರು. ಕಾಗದದಲ್ಲಿ ಅದರ ಹೆಸರು ಕಾಳಜಿ ಕೇಂದ್ರ. ಅಲ್ಲಿನ ಹೆಂಗಸರ ಸುರಕ್ಷತೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಆಪ್ತಸಮಾಲೋಚಕಿಯಾಗಿ ಇಪ್ಪತ್ತು ವರ್ಷ ಕಳೆದು, ಕಾಳಜಿ ಎಂಬ ಪದ ಕೇಳಿದರೇ ಆಕಳಿಕೆ ಬರುವಷ್ಟು ದಣಿದಿದ್ದೆ. ಬೆಳಿಗ್ಗೆ ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ಹೊರಡುವಾಗ ಪಕ್ಕದ ಮನೆಯಾಕೆ, "ಹೆಂಗೂ ಕಮಲಾಪುರಕ್ಕ ಹೊಂಟೀರಿ, ಒಂದು ಡಜನ್ ಕೆಂಪು ಬಾಳಿಹಣ್ಣು ತರ್ರಿ" ಎನ್ನುತ್ತಿದ್ದಳು. ಹೊರಟದ್ದು ಸಂತೆಗಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಒಂದು ದಿನ ತಂದೇ ಕೊಟ್ಟೆ.

ಮೊದಲ ದಿನವೇ ನನ್ನ ಜಾಣತನ ತೋರಿಸಿದೆ. ಮೂಲೆಯ ಕೋಣೆ ಖಾಲಿ ಮಾಡಿಸಿ, ಬಾಗಿಲ ಮೇಲೆ ದೊಡ್ಡ ಅಕ್ಷರದ ಬೋರ್ಡು ಹಾಕಿಸಿದೆ: ‘ದೌರ್ಜನ್ಯಕ್ಕೆ ಒಳಗಾದ ಮಹಿಳೆಯರು ಇಲ್ಲಿ ಬಂದು ತಿಳಿಸಿ.’ ಎರಡು ದಿನ ನೊಣ ಹೊಡೆಯುತ್ತ ಕೂತೆ. ಮೂರನೇ ದಿನ ಮಗಳನ್ನು ಎತ್ತಿಕೊಂಡು ಒಬ್ಬ ಹೆಂಗಸು ಬಂದಳು. ಕೂಸಿಗೆ ಜ್ವರ, ಔಷಧಿ ಇದೆಯೇ ಎಂದು ಕೇಳಿದಳು. ಕೊಡಿಸಿ ಕಳಿಸಿದೆ. ಅಷ್ಟೇ ನಡೆದದ್ದು.

ಮರುದಿನ ಆಕೆಯ ತುಟಿ ಒಡೆದಿತ್ತು. ಏನಾಯಿತೆಂದು ಕೇಳಿದೆ.

"ಆ ಕ್ವಾಣ್ಯಾಗ ಹೋಗಿ ನನ್ನ ಮ್ಯಾಲ ಏನು ಚಾಡಿ ಹೇಳಿದಿ ಅಂತ ನಮ್ಮ ಮನಿಯವರು ಹೊಡದಾರ್ರೀ."

"ಬಾಗಲದಾಗ ಬೋರ್ಡ್ ನೋಡಿರಲಿಲ್ಲೇನವ್ವ?"

"ನನಗ ಓದಾಕ ಬರಂಗಿಲ್ರೀ ಮೇಡಂ. ಅವರಿಗಿ ಬರ್ತದ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನನ್ನ ಮೇಲೇ ನನಗೆ ವಿಪರೀತ ಸಿಟ್ಟು ಬಂತು. ಅಷ್ಟೊತ್ತಿಗೆ ಬೋರ್ಡಿನ ಫೋಟೋ ಮೇಲಿನವರಿಗೆ ಹೋಗಿ, ಮೆಚ್ಚುಗೆಯೂ ಬಂದಾಗಿತ್ತು. ನಾನೇ ಕುರ್ಚಿ ಹತ್ತಿ ಅದನ್ನು ಕಿತ್ತೆ.

ಆಮೇಲೆ ಕೂತದ್ದು ಶಾಲೆಯ ಹಿಂದಿನ ಒಲೆಗಳ ಹತ್ತಿರ. ಹೆಂಗಸರು ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಗಂಡಸರು ಆ ಕಡೆ ಸುಳಿಯುತ್ತಿರಲಿಲ್ಲ. ಸುಳಿದರೂ ರೊಟ್ಟಿ ಬಡಿಯುವ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ನನ್ನ ಕೈಗೂ ಹಿಟ್ಟು ಕೊಟ್ಟರು. ನನ್ನ ರೊಟ್ಟಿಯ ಅವತಾರ ನೋಡಿ ನಕ್ಕರು, ನಕ್ಕ ಮೇಲೆ ಮಾತು ಬಂತು. ಸಂಡಾಸಕ್ಕೆ ಚಿಲಕವಿಲ್ಲ, ಅದಕ್ಕೇ ಮಧ್ಯಾಹ್ನದ ಮೇಲೆ ನೀರೇ ಕುಡಿಯುವುದಿಲ್ಲ ಎಂದರು. ಚಿಲಕ ಹಾಕಿಸಿದೆ. ತುಟಿ ಒಡೆದವಳ ಚಿಂತೆ ಮಾತ್ರ ಬೇರೆಯಿತ್ತು.

"ಇಲ್ಲಿ ಮಂದಿ ನೋಡ್ತಾರಂತ ಒಂದೇಟಿಗೇ ಬಿಡ್ತಾರ್ರೀ. ನೀರಿಳದು ಮನಿಗಿ ಹ್ವಾದ್ರ ಬಾಗಲಾ ಹಾಕ್ಕೋತಾರ."

ಎಲ್ಲರೂ ನೀರು ಇಳಿಯಲೆಂದು ಬೇಡಿಕೊಳ್ಳುತ್ತಿದ್ದರೆ, ಈಕೆ ಇಳಿಯದಿರಲಿ ಎನ್ನುತ್ತಿದ್ದಳು. ಪೊಲೀಸ್ ಠಾಣೆ, ಕಲಬುರಗಿಯಲ್ಲಿ ಉಳಿಯಲು ಆಸರೆ, ವಕೀಲರು, ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, "ಸದ್ಯ ಬ್ಯಾಡ್ರೀ" ಎಂದಳು. ಒತ್ತಾಯ ಮಾಡಬಾರದೆಂಬುದು ನಮ್ಮ ಕೆಲಸದ ಮೊದಲ ಪಾಠ. ಅದನ್ನು ಪಾಲಿಸಿದೆ. ನೀರು ಇಳಿಯಿತು. ಗಂಡನ ಹಿಂದೆ ಟ್ರ್ಯಾಕ್ಟರ್ ಹತ್ತಿ ಹೋದಳು.

ತಿಂಗಳಾದ ಮೇಲೆ, ಮನಸ್ಸು ತಡೆಯದೆ, ಒಂದು ಸಂಜೆ ಆ ಊರಿಗೆ ಹೋದೆ. ಆಕೆಯ ಮನೆಯ ಬಾಗಿಲು ಹಾರುಹೊಡೆದಿತ್ತು. ಓಣಿಯ ನಾಲ್ವರು ಹೆಂಗಸರು ತಮ್ಮ ತಮ್ಮ ಹಿಟ್ಟು ತಂದು, ಆಕೆಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಗಂಡ ಹೊರಗೆ ಕಟ್ಟೆಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದ.

"ದಿನಾ ಸಂಜಿಕಿ ಇಲ್ಲಿಗೇ ಬರ್ತೇವಿ. ಅಂವ ಮಲಗೋತನ ಯಾರರೆ ಒಬ್ಬರು ಇರ್ತೇವಿ," ಎಂದಳು ಅವರಲ್ಲಿ ಹಿರಿಯಳಾದ ಮುದುಕಿ.

ನನ್ನ ದಣಿವಿಗೆ ಒಳ್ಳೆಯದನ್ನೂ ನಂಬುವ ಶಕ್ತಿ ಉಳಿದಿರಲಿಲ್ಲ. "ಹಿಂಗ ಎಷ್ಟು ದಿನ ನಡೀತದಬೇ?" ಎಂದೆ.

ಮುದುಕಿ ಕೈ ನಿಲ್ಲಿಸಲಿಲ್ಲ. "ನೀವು ಆ ಸಾಲ್ಯಾಗ ಎಷ್ಟು ದಿನ ಇದ್ರೀ?"

"ಹನ್ನೊಂದು ದಿನ."

"ನಾವು ಸಾಯೋತನ ಇಲ್ಲೇ ಇರೋರವ್ವ," ಎಂದಳು.